ಪುಣೆಯ ಹಡಪ್ಸರ್ ಕಡೆಯ ಕೋಳಿಮರಿ ಅಂಗಡಿ: ‘ತಲಂಗ ಗ್ಯಾರಂಟಿ’ಗೆ ಯಾವ ಮರಿಯಲ್ಲಿ ದುಡ್ಡು ಕೊಡಬಹುದು

ಪುಣೆಯಿಂದ ವಿಜಯಪುರ, ಬೆಳಗಾವಿ ಕಡೆಯ ಹೊಲದ ಮನೆಗೆ ಕೋಳಿಮರಿ ಒಯ್ಯುವ ನಮ್ಮವರಿಗೆ ಈ ಅಂಗಡಿ ಪರಿಚಿತ. ಮರಿಗಳ ಆರೋಗ್ಯದ ಬಗ್ಗೆ ಎರಡು ಮಾತಿಲ್ಲ. ಹೊಕ್ಕುಳು ಒಣಗಿ ಮುಚ್ಚಿರುತ್ತದೆ, ಹಿಂಬದಿಗೆ ಹಿಕ್ಕೆ ಮೆತ್ತಿರುವುದಿಲ್ಲ, ಮ್ಯಾರೆಕ್ಸ್ (ಕೋಳಿಗೆ ಲಕ್ವ ತರುವ ವೈರಸ್ ರೋಗ) ಲಸಿಕೆಯನ್ನು ಮೊದಲ ದಿನವೇ ಹಾಕಿ ಕೊಡುತ್ತಾರೆ. ತಕರಾರು ಇರುವುದು ‘ತಲಂಗ ಗ್ಯಾರಂಟಿ’ ಫಲಕದ ಬಗ್ಗೆ. ತಲಂಗ ಅಂದರೆ ನಮ್ಮ ಯಾಟೆ, ಇನ್ನೂ ಮೊಟ್ಟೆಗೆ ಬಾರದ ಎಳೆ ಹೆಣ್ಣು ಕೋಳಿ. ಗಂಡು ಹೆಣ್ಣು ಬೆರೆತ ಮಿಕ್ಸ್ ಮರಿಗಿಂತ ಹೆಚ್ಚು ದರ ಹಿಡಿದು ಎಲ್ಲ ತಳಿಯಲ್ಲೂ ಹೆಣ್ಣನ್ನೇ ಆರಿಸಿ ಕೊಡುತ್ತಾರಂತೆ. ಎಲ್ಲ ತಳಿಯಲ್ಲೂ ಅದು ಆಗುವ ಮಾತಲ್ಲ.

ಹೆಚ್ಚಿನ ದರಕ್ಕೆ ನಿಜವಾಗಿ ತಕ್ಕುದು ಇಲ್ಲಿನ ಕಪ್ಪು ಕ್ರಾಸ್ ಮರಿ. ತಂದೆ ರೋಡ್ ಐಲೆಂಡ್ ರೆಡ್, ತಾಯಿ ಪಟ್ಟೆ ಗರಿಯ ಪ್ಲಿಮತ್ ರಾಕ್. ಪಟ್ಟೆಯ ಗುಣ ಲಿಂಗ ವರ್ಣತಂತುವಿನ ಮೇಲಿದೆ, ತಾಯಿ ಅದನ್ನು ಗಂಡು ಮರಿಗೆ ಮಾತ್ರ ಕೊಡುತ್ತಾಳೆ. ಹಾಗಾಗಿ ಗಂಡು ಮರಿಯ ನೆತ್ತಿಯಲ್ಲಿ ಬಿಳಿ ಚುಕ್ಕೆ ಇರುತ್ತದೆ, ಹೆಣ್ಣಿನ ನೆತ್ತಿ ಪೂರ್ತಿ ಕಪ್ಪು. ಬುಟ್ಟಿಯ ಎದುರೇ ನಿಂತು ನೀವೇ ಆರಿಸಬಹುದು. ಒಂದು ಎಚ್ಚರ: ತಂದೆ ಪಟ್ಟೆಯದಾಗಿ ತಾಯಿ ಕೆಂಪಾದರೆ ಗಂಡು ಹೆಣ್ಣು ಎರಡಕ್ಕೂ ಚುಕ್ಕೆ ಬರುತ್ತದೆ. ಈ ಕ್ರಾಸ್ ಕೋಳಿಗಳನ್ನೇ ಮತ್ತೆ ಕೂಡಿಸಿ ಮರಿ ಮಾಡಿದರೂ ಚುಕ್ಕೆ ನಂಬುವಂತಿಲ್ಲ. ಆದ್ದರಿಂದ ಮೊದಲು ಕೇಳಬೇಕಾದದ್ದು ತಂದೆ ಯಾವುದು, ತಾಯಿ ಯಾವುದು ಎಂದು.

ಚರ್ಮವೂ ಕಪ್ಪಾದ ಕಡಕ್‌ನಾಥ್ ತಳಿಯಲ್ಲಿ ರೆಕ್ಕೆ ಬಿಡಿಸಿ ತೋರಿಸಿ ‘ಉದ್ದ ಗರಿ, ಹೆಣ್ಣು’ ಎನ್ನುತ್ತಾರೆ. ಅದನ್ನು ಒಪ್ಪಲಾಗದು. ರೆಕ್ಕೆಯ ಮುಖ್ಯ ಗರಿ ಮೇಲಿನ ಹೊದಿಕೆ ಗರಿಗಿಂತ ಉದ್ದವಿದ್ದರೆ ಹೆಣ್ಣು, ಸಮ ಅಥವಾ ಗಿಡ್ಡವಿದ್ದರೆ ಗಂಡು ಎಂಬ ಲೆಕ್ಕ ನಡೆಯುವುದು ಬೇಗ ಗರಿ ಬರುವ ಹುಂಜಕ್ಕೆ ತಡವಾಗಿ ಗರಿ ಬರುವ ಹೇಂಟೆಯನ್ನು ಬೇಕೆಂದೇ ಕೂಡಿಸಿದ ತಳಿಸಾಲಿನಲ್ಲಿ ಮಾತ್ರ, ಅದೂ ಮೊದಲ ಒಂದೆರಡು ದಿನ. ಮೂರು ನಾಲ್ಕು ದಿನವಾದ ಮೇಲೆ ಎಲ್ಲ ಮರಿಯ ಗರಿಯೂ ಬೆಳೆದು ವ್ಯತ್ಯಾಸ ಅಳಿಸಿಹೋಗುತ್ತದೆ. ಅಂಗಡಿಯ ಬುಟ್ಟಿಯಲ್ಲಿರುವ ಕಡಕ್‌ನಾಥ್ ಅಂಥ ಸಾಲಿನದಲ್ಲ.

ಉಳಿದ ದಾರಿ ಗುದದ್ವಾರ ತೆರೆದು ನೋಡುವುದು. ಜಪಾನಿನಲ್ಲಿ ರೂಪುಗೊಂಡ ಈ ವಿದ್ಯೆ ತಿಂಗಳುಗಟ್ಟಲೆ ಅಭ್ಯಾಸ ಬೇಡುತ್ತದೆ. ಹಿಕ್ಕೆ ಹೊರಗೆ ತಳ್ಳಿ, ಪ್ರಖರ ಬೆಳಕಿನಲ್ಲಿ ಸಾಸಿವೆಗಿಂತ ಚಿಕ್ಕ ಉಬ್ಬನ್ನು ಕ್ಷಣದಲ್ಲಿ ಗುರುತಿಸಬೇಕು. ಕೆಲವು ಹೆಣ್ಣುಗಳಲ್ಲೂ ಉಬ್ಬು ಇರುವುದರಿಂದಲೇ ಹೊಸಬರು ತಪ್ಪುವುದು. ಮನೆಯಲ್ಲಿ ದಯವಿಟ್ಟು ಪ್ರಯತ್ನಿಸಬೇಡಿ, ಜೋರಾಗಿ ಒತ್ತಿದರೆ ಹೊಟ್ಟೆಯೊಳಗಿನ ಹಳದಿ ಚೀಲ ಒಡೆದು ಮರಿ ಸಾಯುತ್ತದೆ. ಮೊಟ್ಟೆಯ ಮೂತಿ ಚೂಪೋ ಗುಂಡೋ, ದಾರಕ್ಕೆ ಕಟ್ಟಿದ ಉಂಗುರ ಹೇಗೆ ತೂಗಿತು ಎಂಬವುಗಳಿಗೆ ಬೆಲೆ ಕೊಡಬೇಕಿಲ್ಲ.

ತಳಿಯ ಮಾತಿಗೆ ಬಂದರೆ, ಇಲ್ಲಿನ ತಾಯಿ ಕೋಳಿಗಳನ್ನು ನೋಡಲು ಬಿಡುತ್ತಾರೆ. ಇದು ದೊಡ್ಡ ಉಪಕಾರ. ರೋಡ್ ಐಲೆಂಡ್ ರೆಡ್‌ಗೆ ಇಟ್ಟಿಗೆಯಂಥ ಉದ್ದ ಚೌಕ ಮೈ, ಕಡು ಕೆಂಪು ಗರಿ, ಕಪ್ಪು ಬಾಲ, ಹಳದಿ ಕಾಲು, ಕೆಂಪು ಕಿವಿಹಾಲೆ ಇರಬೇಕು. ಅಮೆರಿಕದ ಮಾನದಂಡದಲ್ಲಿ ಹೇಂಟೆಯ ತೂಕ ಸುಮಾರು 2.9 ಕೆ.ಜಿ., ಹುಂಜ 3.9 ಕೆ.ಜಿ. ಬಿಳಿ ಕಿವಿಹಾಲೆ ಕಂಡರೆ ಲೆಗ್‌ಹಾರ್ನ್ ರಕ್ತ ಬೆರೆತಿರುವ ಸಾಧ್ಯತೆ ಹೆಚ್ಚು. ಇಲ್ಲಿನ ಹೇಂಟೆಗಳ ಮೈಕಟ್ಟು ಚೆನ್ನಾಗಿದೆ, ಒಂದೆರಡರ ಕಿವಿಹಾಲೆಯಲ್ಲಿ ಮಾತ್ರ ಬಿಳಿ ಇಣುಕುತ್ತದೆ. ಮೊಟ್ಟೆಗಾಗಿ ಸಾಕುವವರಿಗೆ ಅದು ತೊಂದರೆಯಲ್ಲ, ತಳಿ ಉಳಿಸುವವರು ಆ ಗುಂಪನ್ನು ಬಿಡಲಿ.

ಕಡಕ್‌ನಾಥ್ ಕೊಳ್ಳುವಾಗ ಗರಿ ನೋಡಿ ಸಾಕೆನ್ನಬೇಡಿ. ನಾಲಿಗೆ, ಜುಟ್ಟು, ಚರ್ಮ, ಅಂಗಾಲು ನೋಡಿ. ಗರಿ ಕಪ್ಪಾಗಿದ್ದು ಚರ್ಮ ಬೆಳ್ಳಗಿದ್ದರೆ ಅದು ಬೇರೆ ಕೋಳಿ. ‘ಕಪ್ಪು ಮೊಟ್ಟೆ ಇಡುತ್ತದೆ’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಹೊರಡಿ, ಅದರ ಮೊಟ್ಟೆ ತಿಳಿ ಕಂದು.

ಒಟ್ಟು 5ಕ್ಕೆ 3. ಕಪ್ಪು ಕ್ರಾಸ್ ಆದರೆ ಹೆಣ್ಣಿನ ದರ ಕೊಡಿ. ಕಡಕ್‌ನಾಥ್, ಗಿರಿರಾಜ ತಳಿ ಬೇಕಾದರೆ ಮಿಕ್ಸ್ ದರಕ್ಕೇ ಕೇಳಿ, 10 ಯಾಟೆ ಬೇಕೆಂದರೆ 22–24 ಮರಿ ಒಯ್ಯಿರಿ. ಆರರಿಂದ ಎಂಟು ವಾರಕ್ಕೆ ಗಂಡಿನ ಜುಟ್ಟು ದಪ್ಪಗಾಗುತ್ತದೆ, ಗಿರಿರಾಜದಲ್ಲಿ ಕೆಂಪೇರುತ್ತದೆ ಕೂಡ. ಮೂರು ತಿಂಗಳ ಹೊತ್ತಿಗೆ ಕುತ್ತಿಗೆ, ಸೊಂಟದ ಗರಿ ಚೂಪಾದರೆ ಹುಂಜವೇ.