ಚೀಟಿ ಇಲ್ಲದ ಡಬ್ಬಿಯ ‘ಮಾಯಿಶ್ಚರೈಸರ್’ ಮುಖಕ್ಕೆ ಹಚ್ಚಬೇಡಿ

ಮಂಗಳೂರಿನ ಕೆಲವು ಬ್ಯೂಟಿ ಪಾರ್ಲರ್‌ಗಳಲ್ಲಿ, ಫ್ಯಾನ್ಸಿ ಅಂಗಡಿಗಳಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮಾಯಿಶ್ಚರೈಸರ್ ಎಂದು ಹೇಳಿ ಮಾರುವ ಒಂದು ಬಗೆಯ ಕ್ರೀಮಿನ ಬಗ್ಗೆ ಬರೆಯುತ್ತಿದ್ದೇನೆ. ಬಿಳಿಯ ಪ್ಲಾಸ್ಟಿಕ್ ಡಬ್ಬಿ, ಒಳಗೆ ತಿಳಿ ಹಳದಿ ಬಣ್ಣದ ಕ್ರೀಮು. ಮೇಲೆ ಚೀಟಿ ಇರುವುದಿಲ್ಲ, ಇದ್ದರೂ ಒಂದು ಹೂವಿನ ಚಿತ್ರ ಮತ್ತು ಹೆಸರು ಮಾತ್ರ. ಅದರಲ್ಲಿ ಏನೇನು ಬೆರೆಸಿದ್ದಾರೆ, ಯಾರು ತಯಾರಿಸಿದರು, ಯಾವಾಗ ತಯಾರಿಸಿದರು ಎಂಬುದು ಎಲ್ಲಿಯೂ ಇಲ್ಲ. ನನ್ನ ತಂಗಿಯ ಮುಖ ಇದರಿಂದ ಹಾಳಾಗಿದೆ. ಮದುವೆಗೆ ಸಿದ್ಧರಾಗುತ್ತಿರುವ ಹೆಣ್ಣುಮಕ್ಕಳು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಪೂರ್ತಿ ಓದಿ, ಅವರಿಗೂ ಓದಿಸಿ.

ಪಾರ್ಲರಿನ ಹೆಸರನ್ನು ಇಲ್ಲಿ ಹಾಕುತ್ತಿಲ್ಲ. ಅದನ್ನು ಅಧಿಕಾರಿಗಳಿಗೆ ಕೊಟ್ಟ ದೂರಿನಲ್ಲಿ ಬರೆದಿದ್ದೇವೆ. ಇಲ್ಲಿ ಒಂದು ಹೆಸರು ಬರೆದರೆ, ಅದೊಂದನ್ನು ಬಿಟ್ಟು ಉಳಿದ ಕಡೆ ಭಯವಿಲ್ಲ ಎಂದು ಓದುವವರು ತಿಳಿದುಕೊಳ್ಳುತ್ತಾರೆ. ಅದು ನಿಜವಲ್ಲ.

ತಂಗಿ ಹಂಪನಕಟ್ಟೆಯ ಹತ್ತಿರ ಚಿನ್ನದ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಬೆಳಗ್ಗೆಯಿಂದ ರಾತ್ರಿಯವರೆಗೆ ಎ.ಸಿ.ಯಲ್ಲಿ ನಿಂತೇ ಇರಬೇಕು. ಹೊರಗೆ ಕಾಲಿಟ್ಟರೆ ನಮ್ಮ ಊರಿನ ಸೆಕೆ, ಒಳಗೆ ಚಳಿ. ಹೊರಗಿನಿಂದ ಬಂದಾಗಲೆಲ್ಲ ಬೆವರು ಹೋಗಲೆಂದು ನೊರೆ ಬರುವ ಫೇಸ್‌ವಾಶ್ ಹಾಕಿ ಮುಖ ತೊಳೆಯುವುದು ಅವಳ ಅಭ್ಯಾಸ. ಸ್ವಲ್ಪ ಹೊತ್ತಿನಲ್ಲಿ ಚರ್ಮ ಬಿಗಿದಂತಾಗುತ್ತಿತ್ತು. ಅವಳಿಗಿದ್ದ ತೊಂದರೆ ಇಷ್ಟೇ. ಮದುವೆ ನಿಶ್ಚಯವಾದ ಮೇಲೆ ಹುಬ್ಬು ತಿದ್ದಿಸಲು ಪಾರ್ಲರಿಗೆ ಹೋದಾಗ ಅಲ್ಲಿನವರು ಪೆನ್ನಿನಂಥ ಒಂದು ಯಂತ್ರವನ್ನು ಕೆನ್ನೆಗೆ ಒತ್ತಿ, ಅದರಲ್ಲಿ ಮೂಡಿದ ಅಂಕಿಯನ್ನು ತೋರಿಸಿದರಂತೆ. “ನಿಮ್ಮ ಚರ್ಮದಲ್ಲಿ ನೀರೇ ಇಲ್ಲ. ಹೀಗೆಯೇ ಬಿಟ್ಟರೆ ಮೂವತ್ತಕ್ಕೇ ಸುಕ್ಕು ಬೀಳುತ್ತದೆ” ಎಂದರಂತೆ.

ಆ ಯಂತ್ರದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬಹಳ ಮಂದಿ ಮರುಳಾಗುವುದು ಅಲ್ಲಿಯೇ. ಚರ್ಮದ ಮೇಲ್ಪದರದಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು ನೋಡಿ ಅದು ತೇವವನ್ನು ಅಂದಾಜು ಮಾಡುತ್ತದೆ. ಸ್ಪಿರಿಟ್ ಇರುವ ದ್ರವದಿಂದ ಮುಖ ಒರೆಸಿ ಅಳೆದರೆ ಅಂಕಿ ಇಳಿಯುತ್ತದೆ. ಎ.ಸಿ. ಕೋಣೆಯಲ್ಲಿ ಬಹಳ ಹೊತ್ತು ಕುಳಿತವರಿಗೂ ಇಳಿಯುತ್ತದೆ. ಯಾವುದೇ ಕ್ರೀಮು, ಬರೀ ನೀರು ಸವರಿದರೂ ಸಾಕು, ಮರುಕ್ಷಣ ಏರುತ್ತದೆ. ತಂಗಿಯ ಮುಖವನ್ನು ಮೊದಲು ಹತ್ತಿಯಿಂದ ಚೆನ್ನಾಗಿ ಒರೆಸಿ ಅಳೆದರು, ಆಮೇಲೆ ಆ ಹಳದಿ ಕ್ರೀಮು ಹಚ್ಚಿ ಮತ್ತೆ ಅಳೆದರು. ಎರಡು ಅಂಕಿಗಳ ನಡುವಿನ ಅಂತರ ನೋಡಿ ಅವಳು ದುಡ್ಡು ಕೊಟ್ಟು ಬಂದಳು. ಬಿಲ್ ಕೊಡಲಿಲ್ಲ.

ಮೊದಲ ಕೆಲವು ವಾರ ಮುಖ ನಿಜಕ್ಕೂ ಬದಲಾಯಿತು. ಮೊಡವೆ ಮಾಯವಾದವು, ಬಣ್ಣ ತಿಳಿಯಾಯಿತು, ಕೆನ್ನೆ ನುಣುಪಾಯಿತು. ನೋಡಿದವರೆಲ್ಲ ಮದುವೆಯ ಕಳೆ ಬಂದಿದೆ ಎಂದರು. ಡಬ್ಬಿ ಖಾಲಿಯಾಗಿ ನಾಲ್ಕೈದು ದಿನ ಹಚ್ಚದೆ ಇದ್ದಾಗ ಮುಖ ಕೆಂಪೇರಿ ಉರಿಯತೊಡಗಿತು. ಪಾರ್ಲರಿನವರು, “ನೋಡಿ, ಬಿಟ್ಟದ್ದಕ್ಕೆ ಒಣಗಿತು, ದಿನವೂ ಹಚ್ಚಲೇಬೇಕು” ಎಂದು ಇನ್ನೊಂದು ಡಬ್ಬಿ ಕೊಟ್ಟರು. ಹಚ್ಚಿದೊಡನೆ ಉರಿ ತಣಿಯಿತು. ಹೀಗೆ ಚರ್ಮಕ್ಕೆ ಅದಿಲ್ಲದೆ ಆಗದು ಎಂಬ ಸ್ಥಿತಿ ಬಂತು. ಆಮೇಲೆ ಹಚ್ಚಿದರೂ ತಣಿಯದಾಯಿತು. ಒಲೆಯ ಮುಂದೆ ನಿಂತರೆ ಉರಿ, ಬಸ್ಸಿಗೆ ಕಾಯುವಾಗ ಬಿಸಿಲು ತಾಗಿದರೆ ಉರಿ. ಬಾಯಿಯ ಸುತ್ತ ಕೀವು ತುಂಬಿದ ಸಣ್ಣ ಗುಳ್ಳೆಗಳು, ಕೆನ್ನೆಯ ಮೇಲೆ ಕೆಂಪು ನೂಲಿನ ಹಾಗೆ ರಕ್ತನಾಳಗಳು, ಹಿಂದೆ ಇಲ್ಲದ ಕಡೆ ಕೂದಲು. “ಅಕ್ಕ, ಹೀಗೆ ಮುಖ ಇಟ್ಟುಕೊಂಡು ಮಂಟಪದಲ್ಲಿ ಹೇಗೆ ಕೂರಲಿ” ಎಂದು ಅವಳು ಅತ್ತಾಗ ನನ್ನಲ್ಲಿ ಉತ್ತರವಿರಲಿಲ್ಲ.

ಚರ್ಮರೋಗ ತಜ್ಞೆ ಮುಖ ನೋಡಿದವರೇ ಕೇಳಿದ ಮೊದಲ ಪ್ರಶ್ನೆ, “ಯಾವ ಕ್ರೀಮು ಹಚ್ಚುತ್ತಿದ್ದೀರಿ?” ಎಂದು. ಇದು ಸ್ಟೀರಾಯ್ಡ್ ಹಚ್ಚಿದ ಮುಖ ಎಂಬುದು ಅವರಿಗೆ ಲಕ್ಷಣಗಳಲ್ಲೇ ಗೊತ್ತಾಗಿತ್ತು. ಇಂಥವರು ತಮ್ಮಲ್ಲಿಗೆ ಬರುತ್ತಲೇ ಇರುತ್ತಾರೆ ಎಂದರು. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಮುಂತಾದ ಸ್ಟೀರಾಯ್ಡ್‌ಗಳು ಒಳ್ಳೆಯ ಔಷಧಿಗಳೇ. ಯಾವ ರೋಗಕ್ಕೆ, ಎಷ್ಟು ದಿನ, ದೇಹದ ಯಾವ ಭಾಗಕ್ಕೆ ಎಂದು ತಿಳಿದು ಹಚ್ಚಿದರೆ ನರಳುವವರಿಗೆ ನೆಮ್ಮದಿ ಕೊಡುತ್ತವೆ. ಆದರೆ ಅವು ರಕ್ತನಾಳಗಳನ್ನು ಕುಗ್ಗಿಸುತ್ತವೆ, ಆದ್ದರಿಂದ ಮುಖ ಬೆಳ್ಳಗೆ ಕಾಣುತ್ತದೆ. ಉರಿಯೂತವನ್ನು ಅದುಮುತ್ತವೆ, ಆದ್ದರಿಂದ ಮೊಡವೆ ಅಡಗುತ್ತದೆ. ಹೊಸ ಜೀವಕೋಶಗಳು ಹುಟ್ಟುವುದನ್ನು ತಡೆಯುತ್ತವೆ, ಆದ್ದರಿಂದ ಚರ್ಮ ತೆಳುವಾಗುತ್ತಾ ಹೋಗುತ್ತದೆ. ನಿಲ್ಲಿಸಿದಾಗ ಕುಗ್ಗಿದ್ದ ನಾಳಗಳೆಲ್ಲ ಹಿಗ್ಗಿ ಮುಖ ಉರಿಯುತ್ತದೆ. ಮುಖದ ಚರ್ಮ ಮೊದಲೇ ತೆಳು, ಹಚ್ಚಿದ್ದನ್ನು ಬೇಗ ಹೀರಿಕೊಳ್ಳುತ್ತದೆ. ಸ್ಟೀರಾಯ್ಡ್ ಇರುವ ಹಲವು ಮುಲಾಮುಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ಎಚ್ ಪಟ್ಟಿಗೆ ಸೇರಿಸಿದೆ. ಅಂದರೆ ವೈದ್ಯರ ಚೀಟಿ ಇಲ್ಲದೆ ಔಷಧ ಅಂಗಡಿಯವರೇ ಕೊಡುವಂತಿಲ್ಲ. ಅದನ್ನು ಪಾರ್ಲರಿನವರು ಯಾವುದೋ ಕ್ರೀಮಿನಲ್ಲಿ ಕಲಸಿ ಡಬ್ಬಿಗೆ ತುಂಬಿ ಕೊಡುತ್ತಾರೆ ಎಂದರೆ ಎಷ್ಟು ಧೈರ್ಯ!

ತಜ್ಞೆ ಇನ್ನೊಂದು ಮಾತು ಹೇಳಿದರು. ತಂಗಿಯ ಚರ್ಮಕ್ಕೆ ಆರಂಭದಲ್ಲಿ ಯಾವ ಕ್ರೀಮೂ ಬೇಕಿರಲಿಲ್ಲ, ಫೇಸ್‌ವಾಶ್ ಕಡಿಮೆ ಮಾಡಿದ್ದರೆ ಸಾಕಿತ್ತು.

ಇದನ್ನು ಕೇಳಿದ ಮೇಲೆ ನಾನು ಕೆದಕಿ ಕೆದಕಿ ಅರ್ಥ ಮಾಡಿಕೊಂಡೆ. ನಮ್ಮ ಹೊರಚರ್ಮ ಮಂಗಳೂರು ಹೆಂಚು ಹೊದಿಸಿದ ಮಾಡಿನ ಹಾಗೆ. ಒಂದರ ಮೇಲೊಂದು ಕೂತ ಸತ್ತ ಜೀವಕೋಶಗಳೇ ಹೆಂಚು. ಅವುಗಳ ನಡುವಿನ ಸಂದುಗಳನ್ನು ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲ ಎಂಬ ಜಿಡ್ಡಿನ ವಸ್ತುಗಳು ಮುಚ್ಚಿರುತ್ತವೆ. ಒಳಗಿನ ನೀರು ಆವಿಯಾಗಿ ಹೋಗದಂತೆ ಕಾಯುವುದು ಇದೇ ಪದರ, ಅದನ್ನು ಚರ್ಮ ತಾನೇ ಕಟ್ಟಿಕೊಳ್ಳುತ್ತದೆ, ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಚರ್ಮದ ಮೇಲ್ಮೈ ತುಸು ಆಮ್ಲೀಯ, ಪಿಎಚ್ (ಆಮ್ಲ, ಕ್ಷಾರದ ಅಳತೆ) ಸುಮಾರು 5. ಸಾಮಾನ್ಯ ಬಾರ್ ಸಾಬೂನಿನದು 9ರಿಂದ 10, ಅಂದರೆ ಕ್ಷಾರ. ದಿನಕ್ಕೆ ಹಲವು ಸಲ ಸಾಬೂನು ಅಥವಾ ಗಡುಸಾದ ಫೇಸ್‌ವಾಶ್ ಹಾಕಿ ಉಜ್ಜಿದರೆ ಸಂದು ಮುಚ್ಚಿದ ಜಿಡ್ಡೇ ತೊಳೆದು ಹೋಗುತ್ತದೆ. ಹಾಗೆ ಮಾಡದೆ ಇದ್ದರೆ, ಕರಾವಳಿಯಂತಹ ತೇವದ ಗಾಳಿಯಲ್ಲಿ, ಆರೋಗ್ಯವಂತ ಯುವಕ ಯುವತಿಯರ ಮುಖಕ್ಕೆ ಮಾಯಿಶ್ಚರೈಸರ್ ಕಡ್ಡಾಯವೇನಲ್ಲ. ಹಚ್ಚಿಕೊಂಡರೆ ಹಿತವೆನಿಸಿದರೆ ಹಚ್ಚಿಕೊಳ್ಳಲಿ, ಹಚ್ಚದಿದ್ದರೆ ನಷ್ಟವಿಲ್ಲ. ಮಾಯಿಶ್ಚರೈಸರ್ ಹಚ್ಚದೆ ಇದ್ದುದಕ್ಕೇ ಮೂವತ್ತಕ್ಕೆ ಮುದುಕಿಯಾಗುತ್ತೀರಿ ಎಂಬುದು ಹೆದರಿಸುವ ಮಾತು. ಸುಕ್ಕು ಬೇಗ ಬೀಳುವುದಕ್ಕೆ ಬಿಸಿಲು ದೊಡ್ಡ ಕಾರಣ. ಮಳೆಗಾಲದಲ್ಲಂತೂ ಬೆವರುವ ಬೆನ್ನು, ಎದೆಗೆ ಎಣ್ಣೆ, ಜಿಡ್ಡಿನ ಕ್ರೀಮು ಬಳಿದರೆ ಚಿಬ್ಬು ಹೆಚ್ಚುವುದೂ ಉಂಟು, ಅದನ್ನು ಉಂಟುಮಾಡುವ ಶಿಲೀಂಧ್ರಕ್ಕೆ ಜಿಡ್ಡು ಇಷ್ಟ.

ಹಾಗೆಂದು ಮಾಯಿಶ್ಚರೈಸರೇ ಮೋಸ ಎಂದು ಯಾರೂ ತಿಳಿಯಬಾರದು. ನಮ್ಮ ಮನೆಯಲ್ಲಿ ಅದೂ ಆಯಿತು. ತಂಗಿಯ ಅವಸ್ಥೆ ನೋಡಿ ಅಮ್ಮ ಸಿಟ್ಟಿನಿಂದ ಮನೆಯಲ್ಲಿದ್ದ ಎಲ್ಲ ಟ್ಯೂಬುಗಳನ್ನೂ ಎಸೆದುಬಿಟ್ಟರು. ಅಪ್ಪನ ಹಿಮ್ಮಡಿಗೆ ವೈದ್ಯರು ಬರೆದುಕೊಟ್ಟಿದ್ದ ಯೂರಿಯಾ ಕ್ರೀಮೂ ಅದರಲ್ಲಿತ್ತು. ಅಪ್ಪನಿಗೆ ಸಕ್ಕರೆ ಕಾಯಿಲೆ. ಹಿಮ್ಮಡಿ ಒಣಗಿ ಬಿರಿಯಿತು, ಬಿರುಕಿನಲ್ಲಿ ರಕ್ತ ಕಂಡಿತು. ಮಧುಮೇಹಿಗಳ ಪಾದದ ಬಿರುಕು ಹುಣ್ಣಾಗಿ, ಸೋಂಕಾಗಿ ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದು ಗೊತ್ತಿರುವವರಿಗೆ ಗೊತ್ತು. ಸಕಾಲದಲ್ಲಿ ಗಮನಕ್ಕೆ ಬಂತು ಎಂಬುದೇ ಸಮಾಧಾನ. ವಯಸ್ಸಾದವರ ಮೈಯಲ್ಲಿ ಜಿಡ್ಡು ಕಡಿಮೆಯಾಗುತ್ತದೆ, ಅವರಿಗೆ ಬೇಕು. ಎಕ್ಸಿಮಾ (ಚರ್ಮ ಒಣಗಿ ತುರಿಸುವ ಕಾಯಿಲೆ) ಇರುವ ಮಕ್ಕಳಿಗೆ ಅದು ಔಷಧಿಯಷ್ಟೇ ಮುಖ್ಯ. ದಕ್ಕೆಯಲ್ಲಿ ದಿನವಿಡೀ ಮಂಜುಗಡ್ಡೆ, ಉಪ್ಪುನೀರಿನಲ್ಲಿ ಕೈಯಿಟ್ಟು ಮೀನು ವಿಂಗಡಿಸುವ ಹೆಂಗಸರಿಗೆ, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರಿಗೆ, ಗಂಟೆಗೊಮ್ಮೆ ಕೈ ತೊಳೆಯುವ ದಾದಿಯರಿಗೆ ಬೇಕು. ಅವರಿಗೆಲ್ಲ ದುಬಾರಿ ಕ್ರೀಮೇ ಆಗಬೇಕೆಂದಿಲ್ಲ. ಗ್ಲಿಸರಿನ್ ನೀರನ್ನು ಹಿಡಿದಿಡುತ್ತದೆ, ಪೆಟ್ರೋಲಿಯಂ ಜೆಲ್ಲಿ ಅದು ಆರದಂತೆ ಮುಚ್ಚುತ್ತದೆ. ಒಣಗಿದ ಕೈಕಾಲಿಗೆ ನಮ್ಮ ತೆಂಗಿನೆಣ್ಣೆಯೂ ಒಳ್ಳೆಯದೇ, ಮೊಡವೆ ಇರುವ ಮುಖಕ್ಕೆ ಮಾತ್ರ ಬೇಡ. ಸ್ನಾನ ಮುಗಿಸಿ ಮೈಯಲ್ಲಿ ಇನ್ನೂ ಪಸೆ ಇರುವಾಗಲೇ ಹಚ್ಚಿದರೆ ಗುಣ ಹೆಚ್ಚು.

ತಂಗಿಗೂ ಈಗ ತಜ್ಞೆ ಬರೆದುಕೊಟ್ಟಿರುವುದರಲ್ಲಿ ಪರಿಮಳವಿಲ್ಲದ ಸಾದಾ ಮಾಯಿಶ್ಚರೈಸರ್ ಇದೆ. ಮೊದಲು ಬೇಡವಾಗಿದ್ದ ವಸ್ತು ಆ ಡಬ್ಬಿಯ ದೆಸೆಯಿಂದ ಈಗ ನಿಜವಾಗಿಯೂ ಬೇಕಾಗಿದೆ. ಜೊತೆಗೆ ಸನ್‌ಸ್ಕ್ರೀನ್, ಹಚ್ಚಲು ಬೇರೆ ಔಷಧಿ. ಸರಿಯಾಗಲು ತಿಂಗಳುಗಳೇ ಬೇಕು ಎಂದಿದ್ದಾರೆ. ಕೆಂಪು ನಾಳಗಳು ಪೂರ್ತಿ ಹೋಗುತ್ತವೆ ಎಂಬ ಭರವಸೆ ಕೊಟ್ಟಿಲ್ಲ. ಮದುವೆಯನ್ನು ಮುಂದೂಡಲಿಲ್ಲ, ಹುಡುಗನ ಮನೆಯವರು ಬಹಳ ಒಳ್ಳೆಯವರು.

ಸ್ಟೀರಾಯ್ಡ್ ಒಂದೇ ಅಲ್ಲ, ಇದಕ್ಕಿಂತ ಕೆಟ್ಟದ್ದೂ ಇಂಥ ಡಬ್ಬಿಗಳಲ್ಲಿ ಇರಬಹುದು. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನಲ್ಲಿ 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಒಂದು ಬಗೆಯ ಮೂತ್ರಪಿಂಡದ ಕಾಯಿಲೆ ಕಂಡುಬಂದ 22 ಮಂದಿಯನ್ನು ವೈದ್ಯರು ಪರಿಶೀಲಿಸಿದ್ದರು. ಅದರ ಅಪರೂಪದ ಒಂದು ರೂಪ 15 ಮಂದಿಯಲ್ಲಿತ್ತು, ಅವರಲ್ಲಿ 13 ಮಂದಿ ಮುಖ ಬೆಳ್ಳಗಾಗಿಸುವ ಕ್ರೀಮು ಹಚ್ಚುತ್ತಿದ್ದವರು. ಕಾರಣವೆಂದು ಕಂಡದ್ದು ಆ ಕ್ರೀಮುಗಳಲ್ಲಿನ ಪಾದರಸ. ಅದು ಚರ್ಮದ ಮೂಲಕ ರಕ್ತಕ್ಕೆ ಇಳಿದು ಮೂತ್ರಪಿಂಡಕ್ಕೆ ಹೋಗುತ್ತದೆ. ಮಂಗಳೂರು, ಉಡುಪಿಯ ಎಷ್ಟೋ ಮನೆಗಳಲ್ಲಿ ಗಲ್ಫಿನಲ್ಲಿರುವ ಬಂಧುಗಳಿದ್ದಾರೆ. “ಗಲ್ಫಿನಿಂದ ತರಿಸಿದ್ದು” ಎಂಬ ಒಂದು ಮಾತು ಸಾಕು, ನಾವು ಡಬ್ಬಿ ತಿರುಗಿಸಿ ಓದುವುದಿಲ್ಲ. ಮಾರುವವರಿಗೆ ಇದು ಚೆನ್ನಾಗಿ ಗೊತ್ತಿದೆ.

ನಮ್ಮ ದೇಶದ ನಿಯಮದಂತೆ ಸೌಂದರ್ಯವರ್ಧಕದ ಮೇಲೆ ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಯಾವ ದಿನಾಂಕದೊಳಗೆ ಬಳಸಬೇಕು, ಒಳಗೆ ಏನೇನಿದೆ ಎಂಬುದೆಲ್ಲ ಇರಬೇಕು. ವಿದೇಶದ್ದಾದರೆ ಆಮದುದಾರರ ಹೆಸರು, ನೋಂದಣಿ ಸಂಖ್ಯೆ ಬೇಕು. ಇವಿಲ್ಲದ ಕ್ರೀಮನ್ನು ಸ್ವಂತ ಅತ್ತಿಗೆ ಕೊಟ್ಟರೂ ಬೇಡ ಎನ್ನಿ. ಚೀಟಿಯಲ್ಲಿ ‘ಸೋನ್’ ಎಂದು ಕೊನೆಯಾಗುವ ಹೆಸರು ಕಂಡರೆ, ಕ್ಲೋಬೆಟಾಸಾಲ್ ಎಂದೋ ಹೈಡ್ರೋಕ್ವಿನೋನ್ (ಚರ್ಮದ ಬಣ್ಣ ತಿಳಿಯಾಗಿಸುವ ಔಷಧಿ) ಎಂದೋ ಇದ್ದರೆ ಅದು ಮಾಯಿಶ್ಚರೈಸರ್ ಅಲ್ಲ, ವೈದ್ಯರು ಹೇಳದೆ ಹಚ್ಚಬೇಡಿ. ಗಜಕರ್ಣಕ್ಕೆಂದು ತಂದ ಟ್ಯೂಬನ್ನು ಮನೆಮಂದಿಯೆಲ್ಲ ಮುಖಕ್ಕೂ ಹಚ್ಚುವ ಅಭ್ಯಾಸ ಕೆಲವರಲ್ಲಿದೆ, ಅಂಥ ಟ್ಯೂಬುಗಳಲ್ಲೂ ಸ್ಟೀರಾಯ್ಡ್ ಬೆರೆತಿರುವುದು ಸಾಮಾನ್ಯ.

ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದವರು ಇದ್ದರೆ ನಾಚಿಕೆಪಟ್ಟು ಮುಖ ಮುಚ್ಚಿಕೊಂಡು ಕೂರಬೇಡಿ. ಉರಿ ತಾಳಲಾರದೆ ಅದನ್ನೇ ಮತ್ತೆ ಹಚ್ಚಲೂ ಬೇಡಿ. ಹೇಗೆ ಬಿಡಿಸಬೇಕು ಎಂಬುದನ್ನು ಚರ್ಮರೋಗ ತಜ್ಞರೇ ಹೇಳಬೇಕು. ಖಾಸಗಿ ವೈದ್ಯರ ಖರ್ಚು ಭಾರವಾದರೆ ವೆನ್‌ಲಾಕ್ ಜಿಲ್ಲಾ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಡಬ್ಬಿಯನ್ನು ಮಾತ್ರ ಎಸೆಯಬೇಡಿ. ತಳದಲ್ಲಿ ಬೆರಳಿಗೆ ಹತ್ತುವಷ್ಟು ಕ್ರೀಮು ಉಳಿದಿದ್ದರೂ ಮುಚ್ಚಳ ಬಿಗಿದು ತೆಗೆದಿಡಿ, ಹಣ ಕಳುಹಿಸಿದ ಮೊಬೈಲ್ ಸಂದೇಶವನ್ನು ಅಳಿಸಬೇಡಿ. ವೈದ್ಯರಿಗೆ ತೋರಿಸಲು, ಔಷಧ ನಿಯಂತ್ರಣ ಅಧಿಕಾರಿಗಳಿಗೆ ದೂರು ಕೊಡಲು ಅವು ಬೇಕಾಗುತ್ತವೆ.