ಐಸಿಡಿ–10 ಕಲಿಯಬೇಕೋ, ಐಸಿಡಿ–11 ಕಲಿಯಬೇಕೋ?

ಐಸಿಡಿ ಎಂದರೆ ಕಾಯಿಲೆಗಳಿಗೆ ಸಂಕೇತ ಕೊಡುವ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ; 10 ಮತ್ತು 11 ಅದರ ಆವೃತ್ತಿಗಳು. ವಿಜಯಪುರದ ಆಸ್ಪತ್ರೆಗಳಲ್ಲಿ ದಾಖಲೆ ವಿಭಾಗದ ಕೆಲಸಕ್ಕೆ ಸಿದ್ಧರಾಗುವವರು ಎರಡರಲ್ಲೂ ಗಂಡಸರ ಜನನಾಂಗದ ಕಾಯಿಲೆಗಳ ಪುಟವನ್ನು ತೆರೆದು ನೋಡಲಿ. ಪ್ರಾಸ್ಟೇಟ್ ಗ್ರಂಥಿ ಹಿಗ್ಗಿದರೆ ಹಳೆಯದರಲ್ಲಿ ಎನ್40, 2022ರಲ್ಲಿ ಜಾರಿಗೆ ಬಂದ ಹೊಸದರಲ್ಲಿ ಜಿಎ90. ಸಂಕೇತ ಬದಲಾಗಿದೆ, ಅಷ್ಟೆ. ನಿಜವಾದ ವ್ಯತ್ಯಾಸ ಕಾಣುವುದು ನಿಮಿರು ದೌರ್ಬಲ್ಯದಲ್ಲಿ, ಅಂದರೆ ಶಿಶ್ನ ಸರಿಯಾಗಿ ನಿಮಿರದ ತೊಂದರೆಯಲ್ಲಿ. ಹತ್ತನೆಯ ಆವೃತ್ತಿ ದೈಹಿಕ ಕಾರಣದ್ದನ್ನು ಎನ್48.4 ಎಂದೂ ಮಾನಸಿಕ ಕಾರಣದ್ದನ್ನು ಎಫ್52.2 ಎಂದೂ ಸೀಳಿತ್ತು. ಸಕ್ಕರೆ ಕಾಯಿಲೆ, ಚಿಂತೆ ಎರಡೂ ಇರುವ ರೋಗಿಯನ್ನು ಎಲ್ಲಿ ಬರೆಯುವುದು? ಹನ್ನೊಂದನೆಯದು ಲೈಂಗಿಕ ಆರೋಗ್ಯಕ್ಕೆ ಪ್ರತ್ಯೇಕ ಅಧ್ಯಾಯ ತೆರೆದು, ಎಚ್‌ಎ01.1ರ ಅಡಿ ಎರಡನ್ನೂ ಒಂದುಗೂಡಿಸಿ, ಕಾರಣವನ್ನು ಬೇರೆ ಸಂಕೇತದಿಂದ ಜೋಡಿಸಲು ಬಿಡುತ್ತದೆ. ನನಗೆ ಮೆಚ್ಚುಗೆಯಾದದ್ದು ಇದೇ. ಆದರೆ ವಿಮಾ ಕಡತಗಳಲ್ಲಿ ಹೆಚ್ಚಾಗಿ ಕೇಳುವುದು ಹತ್ತನೆಯದನ್ನು. ಮೊದಲು ಅದನ್ನೇ ಕಲಿಯಿರಿ. ಅದರಲ್ಲಿ ವೆರಿಕೋಸೀಲ್ (ವೃಷಣ ಚೀಲದ ರಕ್ತನಾಳಗಳು ಊದಿಕೊಳ್ಳುವುದು) ಮಾತ್ರ ಜನನಾಂಗದ ಪುಟದಲ್ಲಿ ಸಿಗದು, ರಕ್ತಪರಿಚಲನೆಯ ಕಾಯಿಲೆಗಳ ಅಧ್ಯಾಯದ ಐ86.1ರಲ್ಲಿ ಹುಡುಕಿ.