ಎಡಗೈಯ ಮೂರು ಹಿಡಿತ: ನನ್ನ ಸ್ಲೈಸ್‌ಗೆ ಯಾವುದು ಒಗ್ಗಿತು?

ಗಾಲ್ಫ್ ಆಡುವಾಗ ಎಡಗೈಗೆ ಹಾಕುವ ಗ್ಲೌಸ್ ತೂತಾಗಿದ್ದರಿಂದ ಇದೆಲ್ಲ ಶುರುವಾಯಿತು. ಕಿರುಬೆರಳಿನ ಕೆಳಗೆ, ಅಂಗೈ ಬುಡದ ದಪ್ಪ ಭಾಗದಲ್ಲಿ ಸವೆದು ಹೋಗಿತ್ತು. ಗ್ಲೌಸೇ ಕಳಪೆ ಅಂದುಕೊಂಡು ಇನ್ನೊಂದು ಕೊಂಡೆ. ಅದೂ ಅದೇ ಜಾಗದಲ್ಲಿ ತೂತು! ತಪ್ಪು ನನ್ನ ಕೈಯದ್ದು, ಗ್ಲೌಸ್‌ದಲ್ಲ. ಸರಿ, ಸೆವೆನ್ ಐರನ್ (ಮಧ್ಯಮ ದೂರದ ಕ್ಲಬ್), ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್) ಹಿಡಿದು ವೀಕ್, ಸ್ಟ್ರಾಂಗ್, ನ್ಯೂಟ್ರಲ್ ಅನ್ನುವ ಮೂರೂ ಗ್ರಿಪ್‌ನಲ್ಲಿ ಹೊಡೆದು ನೋಡಿದೆ. ನಾನು ಬಲಗೈ ಆಟಗಾರ. ಎಡಗೈ ಆಟಗಾರರು ಎಲ್ಲವನ್ನೂ ತಿರುಗಿಸಿ ಓದಿಕೊಳ್ಳಿ.

ವೀಕ್ ಗ್ರಿಪ್ ನನ್ನ ಹಳೇ ಅಭ್ಯಾಸ. ಮೇಲಿಂದ ನೋಡಿದರೆ ಎಡಗೈಯ ಒಂದೇ ಗೆಣ್ಣು ಕಾಣುತ್ತದೆ. ಹೆಬ್ಬೆರಳು ಕ್ಲಬ್ ಮೇಲೆ ನೆಟ್ಟಗೆ ಕೂತಿರುತ್ತದೆ. ಚೆಂಡಿಗೆ ತಾಗುವಾಗ ಫೇಸ್, ಅಂದರೆ ಕ್ಲಬ್ ತಲೆಯ ಮುಖ, ಬಲಕ್ಕೆ ತೆರೆದೇ ಇರುತ್ತದೆ, ಚೆಂಡು ಬಲಕ್ಕೆ ಬಾಗುತ್ತದೆ. ಇದೇ ಸ್ಲೈಸ್. ಅಮೆರಿಕದ ಹಳೇ ದಿಗ್ಗಜ ಬೆನ್ ಹೋಗನ್ ಬೇಕಂತಲೇ ಎಡಗೈಯನ್ನು ವೀಕ್ ಮಾಡಿಕೊಂಡವರು. 1953ರಲ್ಲಿ ಮೂರು ಮೇಜರ್ (ಗಾಲ್ಫ್‌ನ ಅತಿ ದೊಡ್ಡ ಟೂರ್ನಿ) ಗೆದ್ದರು ಕೂಡ. ಆದರೆ ಅವರ ಕಾಯಿಲೆ ಹುಕ್ (ಚೆಂಡು ಎಡಕ್ಕೆ ಬಾಗುವುದು), ನನ್ನದು ಸ್ಲೈಸ್. ಅವರ ಔಷಧಿ ನಾನು ಕುಡಿದರೆ ಇನ್ನೇನಾಗುತ್ತದೆ?

ಸ್ಟ್ರಾಂಗ್ ಅಂದರೆ ಬಿಗಿಯಾಗಿ ಹಿಡಿಯುವುದಲ್ಲ, ಕೈಯನ್ನು ಬಲಕ್ಕೆ ತಿರುಗಿಸಿ ಹಿಡಿಯುವುದು. ಮೂರು ಗೆಣ್ಣು ಕಾಣಬೇಕು. ಮೊದಲ ದಿನ ಸುಮ್ನೆ ಹೊತ್ತು ಹಾಳು ಮಾಡಿದೆ. ಕ್ಲಬ್ ಹಿಡಿದ ಮೇಲೆ ಕೈ ತಿರುಗಿಸುತ್ತಿದ್ದೆ, ಜೊತೆಗೆ ಫೇಸೂ ತಿರುಗುತ್ತಿತ್ತು. ಮೊದಲು ಫೇಸ್ ನೇರ ಇಟ್ಟು, ಆಮೇಲೆ ಕೈ ಕೂರಿಸಬೇಕು. ಹಾಗೆ ಮಾಡಿದ್ದೇ ಡ್ರೈವರ್‌ನ ಸ್ಲೈಸ್ ಮಾಯ! ಖುಷಿ ಜಾಸ್ತಿ ದಿನ ಇರಲಿಲ್ಲ. ವೆಡ್ಜ್ (ಹತ್ತಿರದ ಹೊಡೆತದ ಕ್ಲಬ್) ಹಿಡಿದರೆ ಚೆಂಡು ಎಡಕ್ಕೆ. ಸುಸ್ತಾದಾಗಂತೂ ಪಕ್ಕಾ ಹುಕ್. 2001ರ ಬ್ರಿಟಿಷ್ ಓಪನ್ ಗೆದ್ದ ಡೇವಿಡ್ ಡುವಾಲ್ ಹೀಗೇ ಸ್ಟ್ರಾಂಗ್ ಆಗಿ ಹಿಡಿಯುತ್ತಿದ್ದರು. ಆದರೆ ಅವರ ಸೊಂಟ, ಎದೆ ನಿಲ್ಲದೆ ತಿರುಗುತ್ತಿದ್ದವು. ನನ್ನ ಸೊಂಟ ಅರ್ಧಕ್ಕೇ ನಿಲ್ಲುತ್ತದೆ, ಕೈ ಮಾತ್ರ ಮಗುಚಿಕೊಳ್ಳುತ್ತದೆ.

ನ್ಯೂಟ್ರಲ್‌ನಲ್ಲಿ ಎರಡು ಗೆಣ್ಣು. ಐರನ್ ನೇರ ಹೋಯಿತು, ಡ್ರೈವರ್ ಸ್ವಲ್ಪ ಬಲಕ್ಕೆ. ನಾನು ನಿಂತಿದ್ದು ಎರಡೂವರೆಯಲ್ಲಿ. ಎಣಿಸುವಾಗ ತಲೆ ವಾಲಿಸಬೇಡಿ, ಲೆಕ್ಕ ತಪ್ಪುತ್ತದೆ.

ಆದರೂ ಕ್ಲಬ್ ಕೈಯೊಳಗೆ ಜಾರುವುದು ನಿಲ್ಲಲಿಲ್ಲ. ಗೆಣ್ಣು ಎಣಿಸುವ ಭರದಲ್ಲಿ ಒಂದನ್ನು ಮರೆತೇಬಿಟ್ಟಿದ್ದೆ. ಕ್ಲಬ್‌ನ ಹಿಡಿ ಅಂಗೈಯ ಮೇಲೆ ಅಡ್ಡ ಕೂತಿತ್ತು, ಬೆರಳುಗಳಲ್ಲಿ ಅಲ್ಲ. ತೋರುಬೆರಳಿನ ನಡುವಿನ ಗಂಟಿಂದ ಕಿರುಬೆರಳಿನ ಬುಡಕ್ಕೆ ಓರೆಯಾಗಿ ಇಟ್ಟೆ. ಅಂಗೈ ಬುಡದ ದಪ್ಪ ಭಾಗ ಹಿಡಿಯ ಮೇಲೆ ಬಂತು. ಪರೀಕ್ಷೆ ಸುಲಭ: ಆ ದಪ್ಪ ಭಾಗ, ಕೊಂಡಿಯಂತೆ ಬಗ್ಗಿಸಿದ ತೋರುಬೆರಳು, ಇವೆರಡರಲ್ಲೇ ಕ್ಲಬ್ ಎತ್ತಿ. ಉಳಿದ ಬೆರಳು ಬಿಡಿ. ನಿಂತರೆ ಸರಿ. ನನ್ನ ಹಳೇ ಹಿಡಿತದಲ್ಲಿ ಕ್ಲಬ್ ತಲೆ ದೊಪ್ಪನೆ ನೆಲಕ್ಕೆ ಬಿತ್ತು. ಹೊಸದರಲ್ಲಿ ಮಣಿಕಟ್ಟು ಎಷ್ಟು ಸಲೀಸಾಗಿ ಮಡಚುತ್ತದೆ ಅಂದರೆ, ಬಿಗಿಯಾಗಿ ಹಿಸುಕುವ ಅಗತ್ಯವೇ ಇಲ್ಲ. ನನ್ನನ್ನು ಕೇಳಿದರೆ, ಗೆಣ್ಣು ಎಣಿಸುವ ಮೊದಲು ಇದನ್ನು ಸರಿಮಾಡಿಕೊಳ್ಳಿ. ಸ್ಲೈಸ್ ಕಡಿಮೆಯಾಗಿದ್ದಕ್ಕೆ ಅರ್ಧ ಪಾಲು ಇದರದ್ದೇ.

ಈಗಿನ ಗ್ಲೌಸ್‌ನಲ್ಲಿ ಇನ್ನೂ ತೂತಿಲ್ಲ. ಡ್ರೈವರ್ ಮಾತ್ರ ಅಪರೂಪಕ್ಕೆ ಬಲಕ್ಕೆ ಓಡುತ್ತದೆ. ಬಗ್ಗಿ ನೋಡಿದರೆ, ಹೆಬ್ಬೆರಳು ಮೆಲ್ಲಗೆ ತನ್ನ ಹಳೇ ಜಾಗಕ್ಕೆ ಹೋಗಿ ಕೂತಿರುತ್ತದೆ.